ಪ್ರಭಕ್ಕನ ಮನೆಯಲ್ಲಿ ಯಾರೂ ಉಂಡಿಲ್ಲ

ಪ್ರಭಕ್ಕನ ಮನೆಯಲ್ಲಿ ನಾನು ಒಂದು ಹೊತ್ತೂ ಉಂಡಿಲ್ಲ ಎಂದು ಸ್ಟ್ಯಾಂಪ್ ಪೇಪರಿನ ಮೇಲೆ ಸಹಿ ಹಾಕಿದ್ದೇನೆ. ಹಸಿ ಸುಳ್ಳು. ಹದಿನಾಲ್ಕು ವರ್ಷದ ಹಿಂದೆ ನನಗೆ ಗರ್ಭಕೋಶದ ಆಪರೇಶನ್ ಆದಾಗ ನಲವತ್ತು ದಿನ ಮೂರು ಮಾಳಿಗೆ ಹತ್ತಿ ಗಂಜಿ ತಂದುಕೊಟ್ಟವಳು ಅವಳು. ನಮ್ಮವರಿಗೆ ಚಹಾ ಬಿಟ್ಟರೆ ಬೇರೇನೂ ಮಾಡಲು ಬರುವುದಿಲ್ಲ. ಆ ಚಹಾವೂ ಕುಡಿಯುವ ಹಾಗಿರುವುದಿಲ್ಲ. ಇಂಥ ನಾನು ಆ ಸುಳ್ಳನ್ನು ಬರೆದೆ, ಸಹಿ ಹಾಕಿದೆ, ಇನ್ನೂ ಇಪ್ಪತ್ತಮೂರು ಜನರಿಂದ ಹಾಕಿಸಿದೆ. ನನ್ನನ್ನು ಬೈಯುವುದಾದರೆ ಪೂರ್ತಿ ಕೇಳಿ ಆಮೇಲೆ ಬೈಯಿರಿ.

ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕಾರ್ಖಾನೆಗಳ ಸಾಲು ಮುಗಿದು ಮನೆಗಳು ಸುರುವಾಗುವ ಗಲ್ಲಿಯಲ್ಲಿ ನಮ್ಮ ಕಟ್ಟಡ ಇದೆ. ಹೆಸರು ಶ್ರಮಸಾಫಲ್ಯ. ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ, ಮಳೆಗಾಲದಲ್ಲಿ ಗೋಡೆಗಳೆಲ್ಲ ಹಸಿರು. ಮೂರನೇ ಮಾಳಿಗೆಯಲ್ಲಿ ನಾವು ಗಂಡ ಹೆಂಡತಿ. ಕೆಳಗೆ ನೆಲಮಟ್ಟದಲ್ಲಿ, ಗೇಟಿನಿಂದ ಎರಡನೇ ಖೋಲಿ ಪ್ರಭಕ್ಕನದು. ಅವಳಿಗೆ ಅರವತ್ತೊಂದು, ನನಗೆ ಐವತ್ತಾರು. ಬಾಯಲ್ಲಿ ಅಕ್ಕ ಎಂದರೂ ಮೂವತ್ತು ವರ್ಷದ ಒಡನಾಟದಲ್ಲಿ ಬಹುವಚನ ಯಾವಾಗಲೋ ಉದುರಿಹೋಗಿದೆ. ನಮ್ಮಿಬ್ಬರ ಮಾತು ತುಳುವಿನಲ್ಲಿ. ಓದುವವರಿಗಾಗಿ ಇಲ್ಲಿ ಕನ್ನಡ ಮಾಡಿದ್ದೇನೆ.

ಅವಳು ಕಟಪಾಡಿಯವಳು. ಗಂಡ ಪುಂಡರೀಕಾಕ್ಷ ಠಾಣೆ ಸ್ಟೇಶನ್ ಹತ್ತಿರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಹಿರಿಯ ಅಡಿಗೆಯವರಾಗಿದ್ದರು. ಮಾತು ಕಡಿಮೆ, ಕೈ ದೊಡ್ಡದು. ಮಗಳು ಸಂಜನಾ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ಹೋಟೆಲಿನ ಒಲೆಯ ಮುಂದೆಯೇ ಕುಸಿದು ತೀರಿಕೊಂಡರು. ಹದಿಮೂರನೆಯ ದಿನದ ಊಟಕ್ಕೆ ಪ್ರಭಕ್ಕ ಗೋಡೆಯಾಚೆಯ ಕಂಪನಿಯ ನಾಲ್ಕು ಜನ ಕೆಲಸಗಾರರನ್ನೂ ಕರೆದಿದ್ದಳು, ಆಂಬುಲೆನ್ಸಿನಿಂದ ಹೆಣ ಇಳಿಸಲು ಕೈಜೋಡಿಸಿದವರೆಂದು. ಅವರ ಕ್ಯಾಂಟೀನು ಮುಚ್ಚಿ ತಿಂಗಳಾಗಿತ್ತು. ಉಂಡು ಕೈತೊಳೆದು ಒಬ್ಬ ಕೇಳಿದ, "ಅಕ್ಕ, ನಾಳೆಯೂ ಬರಬಹುದಾ?" ಇವಳು ಬನ್ನಿ ಎಂದಳು. ಅವಳ ಮೆಸ್ಸು ಸುರುವಾದದ್ದು ಹೀಗೆ. ಬೋರ್ಡಿಲ್ಲ, ಲೈಸೆನ್ಸಿಲ್ಲ, ಮೇಜು ಕುರ್ಚಿ ಇಲ್ಲ. ಹನ್ನೆರಡೂವರೆಯಿಂದ ಎರಡರ ತನಕ ಹೊರಗಿನ ಖೋಲಿಯಲ್ಲಿ ಚಾಪೆ ಹಾಸುತ್ತಾಳೆ. ಕಂಪನಿಯ ಕಂಪೌಂಡ್ ಗೋಡೆ ಹಿಂದುಗಡೆ ಒಂದು ಕಡೆ ಬಿದ್ದಿದೆ. ಆ ಸಂದಿಯಿಂದ ಅವರು ಒಬ್ಬೊಬ್ಬರೇ ಬರುತ್ತಾರೆ, ಉಣ್ಣುತ್ತಾರೆ, ಅಲ್ಲಿಂದಲೇ ಹೋಗುತ್ತಾರೆ. ನಾಲ್ಕು ಜನ ಇದ್ದದ್ದು ಕ್ರಮೇಣ ಇಪ್ಪತ್ತಮೂರಾಯಿತು.

ಅವಳ ಅತ್ತೆ ಅವಳಿಗೆ ಒಂದು ಮಾತು ಕಲಿಸಿದ್ದರಂತೆ, ಅಡಿಗೆಮನೆಯಲ್ಲಿ ನಿಂತು ಇಲ್ಲ ಎನ್ನಬಾರದೆಂದು. ಅಕ್ಕಿ ಮುಗಿದರೆ ಮುಗಿಯಿತು ಎನ್ನಬಾರದು, ತರಬೇಕು ಎನ್ನಬೇಕು. ಅನ್ನ ತಳ ಕಂಡಾಗ ಯಾರಾದರೂ ಬಂದರೆ, ಕೂತುಕೊಳ್ಳಿ ಈಗ ಬರ್ತದೆ ಎಂದು ಹೇಳಿ ಇನ್ನೊಂದು ಪಾತ್ರೆ ಒಲೆಗೆ ಏರಿಸಬೇಕು. ಪ್ರಭಕ್ಕ ಇದನ್ನು ನಲವತ್ತು ವರ್ಷ ನಡೆಸಿದಳು. ಲಾಕ್‌ಡೌನಿನಲ್ಲಿ ಊರಿಗೆ ಹೋಗಲಾರದೆ ಸಿಕ್ಕಿಬಿದ್ದ ಹುಡುಗರು ಆ ಸಂದಿಯಲ್ಲಿ ಬಂದು ನಿಂತಾಗಲೂ ಅವಳ ಬಾಯಿಂದ ಇಲ್ಲ ಬರಲಿಲ್ಲ. ನಾನಾಗಿದ್ದರೆ ಮೂರನೇ ದಿನ ಬಾಗಿಲಿಗೆ ಬೀಗ ಹಾಕುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು, ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಹೋದ ವರ್ಷ ನಮ್ಮ ಗಲ್ಲಿಯನ್ನೆಲ್ಲ ಒಟ್ಟಿಗೆ ಕೆಡವಿ ಹೊಸದಾಗಿ ಕಟ್ಟುವ ಯೋಜನೆ ಬಂತು. ವಾರ್ಡ್ ಆಫೀಸಿನಲ್ಲಿ ನಕ್ಷೆ ತೂಗುಹಾಕಿದರು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ. ನಮ್ಮ ರಸ್ತೆಯ ಬದಿಗೆ ಉದ್ದಕ್ಕೂ ನೀಲಿ ಪಟ್ಟಿ ಎಳೆದಿದ್ದರು. ಅದರ ಹಿಂದೆ ಇಪ್ಪತ್ತೆರಡು ಮಾಳಿಗೆಯ ಟವರು. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ನನ್ನ ಮಂಡಿಗಳು ಲಿಫ್ಟಿಗೆ ಕಾದು ಕೂತಿವೆ. ಯಾರಿಗೆ ಯಾವ ಮನೆ ಎಂದು ನಿರ್ಧರಿಸಲು ಮೊದಲು ಸರ್ವೆ ಆಗಬೇಕು ಎಂದರು. ಆಗಲಿ ಎಂದೆವು.

ಸರ್ವೆಯವರು ಮೂವರು ಬಂದದ್ದು ಒಂದು ಮಂಗಳವಾರ, ಸರಿಯಾಗಿ ಹನ್ನೆರಡಕ್ಕೆ. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್. ನಾನು ಕೊತ್ತಂಬರಿ ಸೊಪ್ಪು ಕೇಳಲು ಕೆಳಗೆ ಹೋಗಿದ್ದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಹೊರಗಿನ ಖೋಲಿಯಲ್ಲಿ ಸ್ಟೀಲಿನ ತಟ್ಟೆಗಳ ರಾಶಿ, ದೊಡ್ಡ ತಪಲೆಯಲ್ಲಿ ಸೌತೆಕಾಯಿ ಹುಳಿ, ಬುಟ್ಟಿಯಲ್ಲಿ ಚಪಾತಿ. ಅವರಲ್ಲಿ ಚಿಕ್ಕವನು ಬಾಗಿಲಲ್ಲಿ ನಿಂತು ಕೇಳಿದ, "ಮೌಶಿ, ಘರಾತ್ ಮಾಣಸಂ ಕಿತಿ?"

ಚಿಕ್ಕಮ್ಮಾ, ಮನೆಯಲ್ಲಿ ಎಷ್ಟು ಜನ ಎಂದು ಅವನು ಕೇಳಿದ್ದು. ತಾಯಿ, ಮಗಳು, ಇಬ್ಬರು ಎಂದರೆ ಮುಗಿಯುತ್ತಿತ್ತು. ಆದರೆ ಹೋಟೆಲಿನವರ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಎಷ್ಟು ಜನ ಎಂಬ ಮಾತಿಗೆ ಒಂದೇ ಅರ್ಥ, ಇವತ್ತು ಎಷ್ಟು ಎಲೆ ಹಾಕಬೇಕು ಎಂಬುದು. ಪುಂಡರೀಕಾಕ್ಷಣ್ಣ ಬದುಕಿದ್ದಾಗ ಊರಿಂದ ಫೋನು ಬಂದರೂ ಮನೆಯ ಜನವನ್ನು ಎಲೆಯಲ್ಲೇ ಎಣಿಸುತ್ತಿದ್ದರು. ಇವಳು ಒಗ್ಗರಣೆ ಸೌಟನ್ನು ಹಿಡಿದುಕೊಂಡೇ ಹೇಳಿದಳು, "ಆಜ್ ತೇವೀಸ್. ತುಮ್ಹಿ ತಿಘೇ ಧರೂನ್ ಸವ್ವೀಸ್." ಇವತ್ತು ಇಪ್ಪತ್ತಮೂರು, ನೀವು ಮೂವರನ್ನು ಸೇರಿಸಿ ಇಪ್ಪತ್ತಾರು.

ಆಮೇಲೆ, ಕಂಪನಿಯವರು ಬರುವ ಮೊದಲೇ ಉಂಡುಬಿಡಿ ಎಂದು ಅವರನ್ನು ಕೂರಿಸಿ ಬಡಿಸಿದಳು. ಊಟದ ಹೊತ್ತಿಗೆ ಬಂದವರನ್ನು ಹಾಗೇ ಕಳಿಸುವುದು ಹೇಗೆ, ಅವಳ ಲೆಕ್ಕದಲ್ಲಿ. ಮೂವರೂ ಹೊಟ್ಟೆ ತುಂಬ ಉಂಡರು. ಚಿಕ್ಕವನು ಎರಡು ಸಲ ಹುಳಿ ಹಾಕಿಸಿಕೊಂಡ. ಹೋಗುವಾಗ ಟ್ಯಾಬಿನಲ್ಲಿ ತಟ್ಟೆಗಳ ರಾಶಿಯದೂ ತಪಲೆಗಳದೂ ಫೋಟೋ ತೆಗೆದುಕೊಂಡ. ಪಾಪ, ಪ್ರಭಕ್ಕ ಸೆರಗು ಸರಿಮಾಡಿಕೊಂಡು ಬದಿಗೆ ನಿಂತಳು, ತನ್ನ ಅಡಿಗೆ ಮೆಚ್ಚಿ ತೆಗೆದದ್ದೆಂದು.

ತಿಂಗಳಾದ ಮೇಲೆ ಯಾರಿಗೆ ಮನೆ ಸಿಗುತ್ತದೆ ಎಂಬ ಯಾದಿ ಬಂತು. ಸೊಸೈಟಿಯ ಬೋರ್ಡಿನಲ್ಲಿ ಸೆಕ್ರೆಟರಿ ಅಂಟಿಸಿದ. ನಾನು ನನ್ನ ಹೆಸರು ನೋಡಿದೆ, ಪಾತ್ರ ಎಂದಿತ್ತು, ಎಂದರೆ ಮನೆಗೆ ಅರ್ಹಳು. ಎಲ್ಲರದ್ದೂ ಪಾತ್ರ. ಎರಡನೇ ನಂಬರಿನ ಖೋಲಿಯ ಮುಂದೆ ಮಾತ್ರ ಅಪಾತ್ರ, ಪರವಾನಗಿ ಇಲ್ಲದ ಖಾನಾವಳಿ, ಪಕ್ಕದ ಕಂಪನಿಯವರು ಇಲ್ಲಿ ಊಟ ಮಾಡುತ್ತಾರೆ ಎಂದು ಮರಾಠಿಯಲ್ಲಿ ಬರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಅದರ ಅರ್ಥವನ್ನೂ ಕೊಟ್ಟಿದ್ದರು. ವಾಸದ ಖೋಲಿಯಲ್ಲಿ ಕದ್ದು ಧಂದೆ ನಡೆಸಿದವರಿಗೆ ಈ ಯೋಜನೆಯಲ್ಲಿ ಮನೆಯೂ ಇಲ್ಲ, ಅಂಗಡಿಯೂ ಇಲ್ಲ. ನಾನು ಹೋಗಿ ಪ್ರಭಕ್ಕನನ್ನು ಕರೆದೆ.

ಪ್ರಭಕ್ಕ ಚಷ್ಮಾ ಹಾಕಿಕೊಂಡು ಬಂದು ಓದಿದಳು. ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಅಪಾತ್ರ ಅಂದ್ರೆ ನಮ್ಮ ಅಪಾತ್ರವೇ ಅಲ್ವಾ ಜಯಾ?"

ನಾನು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ.

ಅವಳಿಗೆ ಆ ಖೋಲಿ ಬಿಟ್ಟರೆ ಬೇರೆ ನೆಲವಿಲ್ಲ. ಕಟಪಾಡಿಯ ಮನೆ ತಮ್ಮಂದಿರದು, ಅದರಲ್ಲಿ ಇವಳಿಗೆ ಒಂದು ಮೊಳೆ ಹೊಡೆಯುವ ಹಕ್ಕೂ ಇಲ್ಲ. ಸಂಜನಾ ಐರೋಲಿಯ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ವರ್ಷ ವರ್ಷಕ್ಕೆ ರಿನ್ಯೂ ಆಗುವ ನೌಕರಿ. ಖೋಲಿ ಹೋದರೆ ಮುಂಬ್ರಾದ ಆಚೆ ಎಲ್ಲಾದರೂ ಬಾಡಿಗೆಗೆ ಹಿಡಿದು, ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಬೇಕು. ಆ ವಾರದಿಂದ ಪ್ರಭಕ್ಕ ನಿದ್ದೆ ಬಿಟ್ಟಳು. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಪಂಪಿನ ಬಳಿ ಸಿಕ್ಕರೆ ಮುಖವೆಲ್ಲ ಊದಿಕೊಂಡಿರುತ್ತಿತ್ತು. "ಮಲಗಿದ್ರೆ ಯಾರೋ ಗೋಡೆ ಕುಟ್ಟಿದ ಹಾಗೆ ಆಗ್ತದೆ ಮಾರಾಯ್ತಿ," ಎನ್ನುತ್ತಿದ್ದಳು. ನನಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆಂದು ಗೊತ್ತಾಗುತ್ತಿರಲಿಲ್ಲ.

ಯಾದಿಯ ಮೇಲೆ ತಕರಾರು, ಸಲಹೆ ಏನಿದ್ದರೂ ಮೂವತ್ತು ದಿನದೊಳಗೆ ಬರೆದುಕೊಡಿ ಎಂದು ಹೇಳಿದ್ದರು. ಹರಕತಿ ಮತ್ತು ಸೂಚನೆ ಎಂದು ಅದಕ್ಕೊಂದು ಫಾರ್ಮು. ನಮ್ಮ ಕಟ್ಟಡದವರೆಲ್ಲ ಬರೆದರು. ಒಬ್ಬನಿಗೆ ಎರಡು ಕಾರು ನಿಲ್ಲಿಸುವ ಜಾಗ ಬೇಕು, ಇನ್ನೊಬ್ಬನಿಗೆ ಹದಿನೈದನೇ ಮಾಳಿಗೆಯೇ ಬೇಕು, ಮತ್ತೊಬ್ಬಳಿಗೆ ಯೋಗ ಮಾಡಲು ದೊಡ್ಡ ಹಾಲ್. ನಾನೂ ಏನು ಕಡಿಮೆಯಲ್ಲ, ಪೂರ್ವಕ್ಕೆ ಕಿಟಕಿ ಇರಲಿ ಎಂದು ಬರೆದಿಟ್ಟಿದ್ದೆ. ಪ್ರಭಕ್ಕನ ಮುಖ ನೋಡಿದ ಮೇಲೆ ಆ ಫಾರ್ಮನ್ನು ಹರಿದುಹಾಕಿದೆ. ಮೂವತ್ತು ವರ್ಷ ಕಂಪನಿಯೊಂದರಲ್ಲಿ ಗುಮಾಸ್ತೆಯಾಗಿದ್ದವಳು ನಾನು, ಮರಾಠಿ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ಗಲ್ಲಿಯಲ್ಲಿಲ್ಲ. ಅವಳ ಹರಕತಿಯನ್ನು ನಾನೇ ಬರೆಯಲು ಕೂತೆ.

ಸಂಜನಾ ಬಂದು ಪಕ್ಕದಲ್ಲಿ ನಿಂತಳು. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಆಂಟಿ, ಫೋಟೋ ಮೇ ಸಬ್ ದಿಖ್ ರಹಾ ಹೈ. ಕ್ಯಾ ಲಿಖೋಗೇ?"

ಫೋಟೋದಲ್ಲಿ ಎಲ್ಲ ಕಾಣುತ್ತದಲ್ಲ, ಏನು ಬರೆಯುತ್ತೀರಿ ಎಂದು ಅವಳು ಕೇಳಿದ್ದು. ಕಾಣುವುದು ಪಾತ್ರೆ ಮಾತ್ರ, ಉಣ್ಣುವವರು ಕಾಣುವುದಿಲ್ಲ ಎಂದೆ. ಪಾತ್ರೆಗಳು ಗಂಡನ ಕಾಲದವು, ನೆನಪಿಗೆ ಇಟ್ಟುಕೊಂಡದ್ದು. ಇಪ್ಪತ್ತಮೂರು ಎಂದದ್ದು ಮರಾಠಿ ಬಾರದೆ ಆದ ತಪ್ಪು. ಕಂಪನಿಯವರು ಊಟ ಮಾಡುತ್ತಾರೆ ಎಂದು ಬರೆದಿದ್ದಾರಲ್ಲ, ಆ ಕಂಪನಿಯವರೇ ಬಂದು ಇಲ್ಲ ಎಂದರೆ ಮುಗಿಯಿತು. ಹೀಗೆ ನಾನು ಒಂದೊಂದಾಗಿ ಪೋಣಿಸಿದೆ. ಬುದ್ಧಿವಂತೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ, ಹಾಳಾದವಳು.

ಪ್ರಭಕ್ಕ ಪೂರ್ತಿ ಕೇಳಿಸಿಕೊಂಡಳು. "ಉಂಡವರ ಕೈಯಲ್ಲಿ ಉಂಡಿಲ್ಲ ಅಂತ ಹೇಳ್ಸುದಾ?" ಎಂದಳು. "ಅದು ನನಗೆ ಸರಿ ಕಾಣುದಿಲ್ಲ ಜಯಾ. ಅವ್ರಿಗೆ ಪಾಪ ಬರ್ತದೆ."

"ನಿನಗೆ ಮನೆ ಬೇಕಾ ಬೇಡ್ವಾ?"

ಅವಳು ಸಂಜನಾಳ ಕಡೆ ನೋಡಿದಳು. ನೀನು ಹೇಳಿದ ಹಾಗೆ ಮಾಡುವ ಎಂದಳು.

ಅವತ್ತಿನಿಂದ ಮೆಸ್ಸು ಬಂದ್. ದೊಡ್ಡ ತಪಲೆಗಳನ್ನೂ ತಟ್ಟೆಗಳನ್ನೂ ಚೀಲದಲ್ಲಿ ಕಟ್ಟಿ ನನ್ನ ಮನೆಯ ಅಟ್ಟಕ್ಕೆ ಏರಿಸಿದೆವು. ಅದನ್ನು ಹೊತ್ತು ಹತ್ತುವಾಗ ನನ್ನ ಮಂಡಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಯಾರಾದರೂ ಯಾವ ಹೊತ್ತಿಗೂ ಬಂದು ನೋಡಬಹುದು ಎಂಬ ಹೆದರಿಕೆ ಮನೆ ಹೊಕ್ಕಿತು. ಒಗ್ಗರಣೆಯ ವಾಸನೆ ಗೇಟಿಗೆ ಹೋಗುತ್ತದೆಂದು ಪ್ರಭಕ್ಕ ಕಿಟಕಿ ಮುಚ್ಚಿಕೊಂಡು ಅಡಿಗೆ ಮಾಡತೊಡಗಿದಳು. ಆಮೇಲೆ ಇಂಗು ಹಾಕುವುದನ್ನೇ ಬಿಟ್ಟಳು. ಗ್ಯಾಸಿನ ಬಿಲ್ಲು ಕೇಳಿದರೆ ಏನು ಗತಿ ಎಂದು ಹಳೆಯ ಬಿಲ್ಲುಗಳನ್ನೆಲ್ಲ ಒಟ್ಟುಮಾಡಿ ನನ್ನ ಕೈಗೆ ಕೊಟ್ಟಳು. ನಾನು ಅವನ್ನು ಅಕ್ಕಿ ಡಬ್ಬಿಯ ಅಡಿಗೆ ಇಟ್ಟೆ. ಸುಳ್ಳು ಕಾಗದಕ್ಕೆ ಸಹಿ ಹಾಕಿದ್ದು ಗೊತ್ತಾದರೆ ನನ್ನ ಪಾತ್ರವೂ ಅಪಾತ್ರವಾಗುತ್ತದೆ ಎಂದು ನಮ್ಮವರು ದಿನಕ್ಕೆ ಮೂರು ಸಲ ನೆನಪಿಸುತ್ತಿದ್ದರು. ಲಿಫ್ಟು ಕನಸಿನಲ್ಲಿ ಬರುವುದು ನಿಂತುಹೋಯಿತು.

ಇಪ್ಪತ್ತಮೂರು ಜನರಲ್ಲಿ ಇಪ್ಪತ್ತೆರಡು ಜನ ಚಕಾರವೆತ್ತದೆ ಸಹಿ ಹಾಕಿದರು. ಉಳಿದವನು ವಸಂತಕುಮಾರ. ಇಂಡಿ ತಾಲೂಕಿನವನು, ಲೇಥ್ ಮೇಲೆ ಕೆಲಸ, ನಲವತ್ತೈದರ ಆಸುಪಾಸು, ಹೆಂಡತಿ ಮಕ್ಕಳು ಊರಲ್ಲಿ. ಹನ್ನೊಂದು ವರ್ಷದಿಂದ ಮಧ್ಯಾಹ್ನ ಪ್ರಭಕ್ಕನಲ್ಲಿ ಉಂಡವನು. ಅವನಿಗೋಸ್ಕರ ಇವಳು ಜೋಳದ ರೊಟ್ಟಿ ಬಡಿಯುವುದನ್ನು ಕಲಿತಿದ್ದಳು. ಪ್ರತಿ ಶುಕ್ರವಾರ ರೊಟ್ಟಿ. ಮೊದಮೊದಲು ಅವು ಒಡೆದು ಚೂರಾಗುತ್ತಿದ್ದವು, ಅವನು ಚೂರನ್ನೇ ಹೊಗಳಿಕೊಂಡು ತಿನ್ನುತ್ತಿದ್ದ. ಕಾಗದವನ್ನು ಓದಿ ನನ್ನ ಮುಖ ನೋಡಿದ.

"ನಾ ಹೆಂಗ ಇದನ್ನ ಹೇಳ್ಲಿರಿ ಬಾಯಾರ? ಹನ್ನೊಂದ ವರ್ಷ ಉಂಡೀನ್ರಿ."

"ಹೇಳದಿದ್ದರೆ ಅವಳು ಬೀದಿಗೆ ಬೀಳ್ತಾಳೆ."

ಅವನು ಹಣೆ ಉಜ್ಜಿಕೊಂಡ. "ಹಂಗಾರ ಹೇಳ್ತೀನ್ರಿ. ಹೇಳೂದ ಅಂದ್ರ ಮತ್ತ ಖರೇ ಅನ್ನೂಹಂಗ ಹೇಳ್ತೀನಿ. ಅರ್ಧಾ ಮರ್ಧಾ ಹೇಳಂಗಿಲ್ಲ."

ವಿಚಾರಣೆ ವಾರ್ಡ್ ಆಫೀಸಿನ ಮೇಲಿನ ಸಭಾಂಗಣದಲ್ಲಿ. ಗೋಡೆಯ ಮೇಲೆ ಅದೇ ಹಳದಿ ನೀಲಿ ನಕ್ಷೆ. ಅಧಿಕಾರಿ ಸಿಡುಕನಾಗಿದ್ದರೆ ನಾನು ಜಗಳವಾಡಿ ಗೆಲ್ಲುತ್ತಿದ್ದೆ. ಅವನು ಸಭ್ಯ ಮನುಷ್ಯ, ಎಲ್ಲರನ್ನೂ ಕೂರಿಸಿ ಮಾತಾಡಿಸುತ್ತಿದ್ದ. ಪ್ರಭಕ್ಕನಿಗೆ ಮರಾಠಿ ಬರುವುದಿಲ್ಲ ಎಂದು ಬರೆದಿದ್ದೆನಲ್ಲ, ಅದಕ್ಕಾಗಿ ಅವಳು ಏನೂ ತಿಳಿಯದವಳಂತೆ ಮುಖ ಇಟ್ಟುಕೊಂಡು ಕೂತಿರಬೇಕಿತ್ತು. ಮೂವತ್ತೈದು ವರ್ಷ ಈ ಊರಲ್ಲಿ ಮರಾಠಿಯಲ್ಲೇ ತರಕಾರಿ ಚೌಕಾಸಿ ಮಾಡಿದವಳು. ಅವಳು ಬಿಳಿ ಅಂಚಿನ ಸೀರೆ ಉಟ್ಟು, ಎರಡು ಕೈಗಳನ್ನೂ ಮಡಿಲಲ್ಲಿ ಇಟ್ಟುಕೊಂಡು ಕೂತಳು.

ಒಬ್ಬೊಬ್ಬರನ್ನೇ ಕರೆದರು. ಅಲ್ಲಿ ಊಟ ಮಾಡಿದ್ದೀರಾ? ಇಲ್ಲ. ಮಾಡಿದ್ದೀರಾ? ಇಲ್ಲ. ಟೈಫಾಯಿಡ್ ಆದಾಗ ಅವಳ ಗಂಜಿ ಕುಡಿದು ಎದ್ದವನು ಇಲ್ಲ ಎಂದ. ಮಗಳು ಹುಟ್ಟಿದ ಸುದ್ದಿಯನ್ನು ಮೊದಲು ಅವಳಿಗೇ ಹೇಳಿ ಪಾಯಸ ಮಾಡಿಸಿಕೊಂಡವನು ಇಲ್ಲ ಎಂದ. ನನ್ನ ಸರದಿ ಬಂತು. ನಾನೂ ಇಲ್ಲ ಎಂದೆ. ಪ್ರಭಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ.

ವಸಂತಕುಮಾರನ ಬಳಿ ಬಂದಾಗ ಅಧಿಕಾರಿ ಸ್ವಲ್ಪ ನಿಧಾನಿಸಿದ. ನಿಮ್ಮ ಹೆಂಡತಿ ಊರಲ್ಲಿದ್ದಾರೆ, ಹಾಗಾದರೆ ಮಧ್ಯಾಹ್ನ ಎಲ್ಲಿ ಉಣ್ಣುತ್ತೀರಿ ಎಂದು ಕೇಳಿದ. ಇದನ್ನು ನಾನು ಕಲಿಸಿರಲಿಲ್ಲ. ಬೆಳಿಗ್ಗೆ ಎದ್ದು ನಾನೇ ಬೇಯಿಸಿ ಡಬ್ಬ ತರುತ್ತೇನೆ ಎಂದ ಅವನು. ಹತ್ತಿರದಲ್ಲೇ ಊಟ ಸಿಗುತ್ತದೆ ಎಂದು ನಿಮಗೆ ಯಾರೂ ಹೇಳಲಿಲ್ಲವೇ ಎಂದು ಅಧಿಕಾರಿ ಮುಗುಳ್ನಕ್ಕು ಕೇಳಿದ. ವಸಂತಕುಮಾರ ಎದ್ದು ನಿಂತ. ಗಟ್ಟಿ ದನಿಯಲ್ಲಿ ಮರಾಠಿಯಲ್ಲಿ ಹೇಳಿದ, "ಸಾಹೇಬ್, ತ್ಯಾಂಚ್ಯಾ ಹಾತಚಂ ಪಾಣೀ ಸುದ್ಧಾ ಮೀ ಕಧೀ ಪ್ಯಾಯಲೋ ನಾಹೀ."

ಆ ಹೆಂಗಸಿನ ಕೈಯಿಂದ ನೀರು ಕೂಡ ನಾನು ಕುಡಿದಿಲ್ಲ ಎಂದ. ಆ ಮಾತನ್ನು ನಾನು ಬರೆದಿರಲಿಲ್ಲ. ಖರೇ ಅನ್ನುವ ಹಾಗೆ ಹೇಳುತ್ತೇನೆ ಎಂದಿದ್ದನಲ್ಲ, ಅದಕ್ಕಾಗಿ ತಾನೇ ಸೇರಿಸಿದ್ದು. ನಮ್ಮಲ್ಲಿ ಒಬ್ಬರ ಕೈ ನೀರು ಕುಡಿಯುವುದಿಲ್ಲ ಎಂದರೆ ಏನೆಂದು ಎಲ್ಲರಿಗೂ ಗೊತ್ತು. ಬೈಗುಳದಲ್ಲೂ ಅಷ್ಟು ಕೆಟ್ಟದ್ದನ್ನು ಜನ ಅನ್ನುವುದಿಲ್ಲ. ನಾನು ಪ್ರಭಕ್ಕನನ್ನು ನೋಡಿದೆ. ಅವಳು ಏನೂ ತಿಳಿಯದ ಮುಖ ಹೊತ್ತು ನಕ್ಷೆಯ ಕಡೆ ನೋಡುತ್ತಿದ್ದಳು. ಮಡಿಲಲ್ಲಿದ್ದ ಕೈಬೆರಳುಗಳು ಮಾತ್ರ ಸೆರಗಿನ ಅಂಚನ್ನು ಮಡಚಿದವು, ಬಿಚ್ಚಿದವು, ಮತ್ತೆ ಮಡಚಿದವು.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡ. ಕೊನೆಯ ತೀರ್ಮಾನಕ್ಕೆ ಮೊದಲು ನಮ್ಮ ಆಫೀಸಿನವರು ಒಮ್ಮೆ ಜಾಗಕ್ಕೆ ಬಂದು ನೋಡುತ್ತಾರೆ, ಊಟದ ಹೊತ್ತಿಗೆ, ಹೇಳಿ ಬರುವುದಿಲ್ಲ ಎಂದ. ಅದನ್ನೂ ಸಭ್ಯವಾಗಿಯೇ ಹೇಳಿದ.

ಹೊರಗೆ ಬಂದ ಮೇಲೆ ವಸಂತಕುಮಾರ ಅವಳ ಹತ್ತಿರ ಬರಲು ನೋಡಿದ. ಆಫೀಸಿನವರು ಕಿಟಕಿಯಿಂದ ನೋಡುತ್ತಿದ್ದಾರೆಂದು ನಾನೇ ಕಣ್ಣಿನಲ್ಲಿ ಬೇಡ ಎಂದೆ. ಅವನು ತಲೆ ತಗ್ಗಿಸಿಕೊಂಡು ಉಳಿದವರ ಜೊತೆ ಹೋದ. ರಿಕ್ಷಾದಲ್ಲಿ ಪ್ರಭಕ್ಕ ಒಂದೇ ಮಾತಾಡಿದ್ದು, "ಅವ ನನಗೋಸ್ಕರ ಹೇಳಿದ್ದು ಅಂತ ಗೊತ್ತುಂಟು. ಆದ್ರೂ ಕೇಳ್ಲಿಕ್ಕೆ ಆಗ್ಲಿಲ್ಲ." ಮನೆ ಮುಟ್ಟಿದ ಮೇಲೆ ಒಂದು ತಂಬಿಗೆ ನೀರು ತಂದು ನನಗೆ ಕೊಟ್ಟಳು. ನಾನು ಪೂರ್ತಿ ಕುಡಿದೆ.

ಆಮೇಲಿನ ದಿನಗಳು ಬರೀ ಗೇಟಿನ ಸದ್ದು ಕೇಳುವ ದಿನಗಳಾದವು. ಹನ್ನೆರಡಾದರೆ ಅವಳು ಬಾಗಿಲಿಗೆ ಬಂದು ನಿಲ್ಲುತ್ತಾಳೆ, ನಾನು ಮೆಟ್ಟಿಲ ಕಿಟಕಿಯಲ್ಲಿ. ಕೊರಿಯರಿನವನು ಬಂದರೆ ಎದೆ ಧಸಕ್. ವಾಟರ್ ಫಿಲ್ಟರಿನವನು ಬಂದರೆ ಎದೆ ಧಸಕ್. ಒಳಗೆ ಇಬ್ಬರಿಗೆ ಬೇಯಿಸಿದ ಸಣ್ಣ ಪಾತ್ರೆ. ಅಷ್ಟು ಕಡಿಮೆ ಅಕ್ಕಿಗೆ ನೀರು ಎಷ್ಟಿಡಬೇಕೆಂದು ಅವಳಿಗೆ ಮರೆತುಹೋಗಿತ್ತು, ಒಂದು ವಾರ ಅನ್ನ ಮುದ್ದೆ ಮುದ್ದೆ ಆಯಿತಂತೆ. ಮಧ್ಯಾಹ್ನ ಗೋಡೆಯಾಚೆ ಕಂಪನಿಯ ಸೈರನ್ ಆದಾಗ ಅವಳು ಬಾಗಿಲಿನಿಂದ ಒಳಗೆ ಸರಿಯುತ್ತಿದ್ದಳು.

ಹತ್ತೊಂಬತ್ತನೇ ದಿನ, ಶುಕ್ರವಾರ, ಹನ್ನೆರಡೂ ಮುಕ್ಕಾಲಿಗೆ ವಸಂತಕುಮಾರ ಬಂದ. ಆ ಹಿಂದಿನ ಸಂದಿಯಿಂದಲೇ ಬಂದ. ಒಗೆದ ಅಂಗಿ ಹಾಕಿದ್ದ, ಹೆಗಲಲ್ಲಿ ಚೀಲ. ನಾನು ಮೇಲಿನ ಕಿಟಕಿಯಲ್ಲಿದ್ದೆ, ಮಾತೆಲ್ಲ ಕೇಳಿಸುತ್ತಿತ್ತು.

"ಅಕ್ಕಾರ, ನಮ್ಮ ಮಶೀನೆಲ್ಲಾ ತುರ್ಭೆಕ್ಕ ಹಾಕ್ಯಾರ್ರಿ. ನಾಳಿಂದ ಅಲ್ಲೇ ಖೋಲಿ, ಅಲ್ಲೇ ಡ್ಯೂಟಿ. ಅವತ್ತ ಏನೇನೋ ಅಂದ್ಬಿಟ್ಟೆ. ಇವತ್ತೊಂದ ದಿನ ನಿಮ್ಮ ಕೈಯಾಗಿನ ತುತ್ತು ಉಂಡ ಹೋಗ್ಬೇಕಂತ ಬಂದೀನಿ."

ಅದೇ ಗಳಿಗೆಗೆ ಗೇಟು ಕಿರುಗುಟ್ಟಿತು. ಕೊರಳಲ್ಲಿ ಕಾರ್ಡು, ಕೈಯಲ್ಲಿ ಟ್ಯಾಬ್, ಒಬ್ಬ ಮನುಷ್ಯ ಒಳಗೆ ಬಂದು ಬೋರ್ಡಿನ ಹತ್ತಿರ ನಿಂತು ಖೋಲಿಯ ನಂಬರುಗಳನ್ನು ಓದತೊಡಗಿದ. ಗೇಟಿಗೂ ಪ್ರಭಕ್ಕನ ಬಾಗಿಲಿಗೂ ನಡುವೆ ನೀರಿನ ಪಂಪಿನ ಗೋಡೆ ಇದೆ. ಎರಡು ಮೆಟ್ಟಿಲು ಮೇಲೆ, ಹೊಸ್ತಿಲಲ್ಲಿ ನಿಂತವಳಿಗೆ ಗೇಟು ಕಾಣುತ್ತದೆ. ಕೆಳಗೆ ನಿಂತವನಿಗೆ ಕಾಣುವುದಿಲ್ಲ. ಪ್ರಭಕ್ಕನ ಕಣ್ಣು ಗೇಟಿನ ಮೇಲೆ ನಿಂತಿತು. ನಾನು ಕಿಟಕಿಯ ಸರಳನ್ನು ಹಿಡಿದುಕೊಂಡೆ.

"ಯಾರು ನೀವು?" ಎಂದಳು ಪ್ರಭಕ್ಕ, ಗೇಟಿಗೆ ಕೇಳುವಷ್ಟು ಗಟ್ಟಿಯಾಗಿ. "ಇಲ್ಲಿ ಊಟ ಇಲ್ಲ."

ವಸಂತಕುಮಾರ ತಮಾಷೆ ಎಂದುಕೊಂಡ, ನಕ್ಕ. "ಹಂಗಾರ ನೀರಾರ ಕೊಡ್ರಿ ಅಕ್ಕಾರ."

"ಇಲ್ಲ. ನಿಮಗೆ ಕೊಡ್ಲಿಕ್ಕೆ ಇಲ್ಲಿ ನೀರೂ ಇಲ್ಲ. ಹೋಗಿ."

ಅವನು ಅವಳ ಮುಖವನ್ನೇ ನೋಡುತ್ತಾ ನಿಂತ. ಒಂದು ಸಲವೂ ಹಿಂದೆ ತಿರುಗಲಿಲ್ಲ, ಪಂಪಿನ ಕಡೆ ಕತ್ತು ಚಾಚಲಿಲ್ಲ. ಆಮೇಲೆ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡು, ಬಂದ ಸಂದಿಯಿಂದಲೇ ಹೊರಟುಹೋದ. ನಾನು ಮೇಲಿನಿಂದ ಕೂಗಬಹುದಿತ್ತು. ಹೆದರಿ ಕೂಗಲಿಲ್ಲ.

ಟ್ಯಾಬಿನವನು ಪ್ರಭಕ್ಕನ ಬಾಗಿಲಿಗೆ ಬಂದ. ಗ್ಯಾಸಿನ ಪೈಪಿನ ಮೀಟರ್ ನೋಡುವವನು. ಹೊಸಬ, ಅದಕ್ಕೇ ನಂಬರು ಹುಡುಕುತ್ತಿದ್ದ. ಒಳಗೆ ಹೋಗಿ ಮೀಟರಿನ ಫೋಟೋ ತೆಗೆದು, ಈ ಸಲ ರೀಡಿಂಗ್ ಬಹಳ ಕಡಿಮೆ ಇದೆ ಮೌಶಿ, ಊರಿಗೆ ಹೋಗಿದ್ದಿರಾ ಎಂದು ಕೇಳಿದ. ಅವಳು ಹೌದು ಎಂದಳು. ಅವನು ಹೋದ.

ನಾನು ಮಂಡಿಯ ನೋವು ಮರೆತು ಕೆಳಗೆ ಇಳಿದೆ. ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಒಳಗೆ ತಟ್ಟೆಯಲ್ಲಿ ಮೂರು ಜೋಳದ ರೊಟ್ಟಿಗಳನ್ನು ಮುಚ್ಚಿಟ್ಟಿದ್ದಳು. ಶುಕ್ರವಾರ ಎಂದು ಸುಮ್ಮನೆ ಮಾಡಿದ್ದಂತೆ, ಅಭ್ಯಾಸಕ್ಕೆ.

"ಫೋನ್ ಮಾಡು ಅವನಿಗೆ," ಎಂದೆ.

"ಮಾಡಿ ಎಂತ ಹೇಳುದು? ಊಟ ಉಂಟು ಬಾ ಅಂತ ಹೇಳ್ಲಿಕ್ಕೆ ಆಗ್ತದಾ? ನಾಳೆ ನಿಜವಾಗ್ಲೂ ಅವ್ರು ಬಂದ್ರೆ?" ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಆ ಗ್ಯಾಸಿನವನನ್ನ ಅವ ನೋಡಿದ್ದಾನೆ ಅಲ್ವಾ ಜಯಾ? ನೋಡಿದ್ರೆ ಅವನಿಗೆ ಅರ್ಥ ಆಗಿರ್ತದೆ. ಇಲ್ಲದಿದ್ರೆ ಆ ನೀರಿನ ಮಾತಿಗೆ ನಾನು ಸೇಡು ತೀರಿಸಿದೆ ಅಂತ ತಿಳ್ಕೊಳ್ತಾನೆ. ನೀನು ಮೇಲೆ ಇದ್ದೆ ಅಲ್ವಾ? ಅವ ತಿರುಗಿ ನೋಡಿದ್ನಾ?"

ನಾನು ಅವಳ ಪಕ್ಕದಲ್ಲಿ ಕೂತೆ. ಎಷ್ಟು ಸುಳ್ಳಿಗೆ ಸಹಿ ಹಾಕಿದವಳು ನಾನು, ಇನ್ನೊಂದು ಹೆಚ್ಚಲ್ಲ.

"ನೋಡಿದ," ಎಂದೆ. "ಹೋಗುವಾಗ ತಿರುಗಿ ನೋಡಿದ. ನಾನು ಕಂಡೆ."

ಅವಳು ಉಸಿರು ಬಿಟ್ಟಳು. ಹಾಗಾದರೆ ಸರಿ ಎಂದಳು. ಆಮೇಲೆ ಎಂದಿನಂತೆ ನನ್ನ ಕಡೆ ತಿರುಗಿ, "ಒಣಸ್ ಆಂಡಾ?" ಎಂದು ಕೇಳಲು ಬಾಯಿ ತೆರೆದಳು. ಊಟ ಆಯಿತಾ ಎಂಬ ಆ ಎರಡು ಮಾತನ್ನು ಮೂವತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಿದವಳಲ್ಲ. ಅರ್ಧಕ್ಕೆ ನಿಲ್ಲಿಸಿ ಗೇಟಿನ ಕಡೆ ನೋಡಿದಳು. ನಾನೂ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ. ಆದರೂ ಇಬ್ಬರೂ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆವು, ರೊಟ್ಟಿಗಳನ್ನು ಹಂಚಿಕೊಂಡು ಸದ್ದಿಲ್ಲದೆ ತಿಂದೆವು.